ಪತ್ತಾರನ ಪವರ್ ಸಪ್ಲೈ

ಬೈಲಹೊಂಗಲದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಷ್ಟು ಕಾಲ ನಾನು ತಾನಾಗಿ ಕೆಟ್ಟ ಸಾಮಾನು ನೋಡಿದ್ದು ಕಡಿಮೆ, ಮಂದಿ ಕೈಹಾಕಿ ಕೆಡಿಸಿದ್ದನ್ನು ನೋಡಿದ್ದೇ ಹೆಚ್ಚು. ತಾನಾಗಿ ಕೆಟ್ಟಿದ್ದು ಅರ್ಧ ತಾಸಿನ ಕೆಲಸ. ಮಂದಿ ಕೆಡಿಸಿದ್ದನ್ನು ಸರಿಮಾಡಬೇಕಾದರೆ ಮೊದಲು ಆ ಪುಣ್ಯಾತ್ಮನ ತಲೆಯೊಳಗೆ ಹೊಕ್ಕು ನೋಡಬೇಕು, ಅಲ್ಲಿ ಏನೂ ಇರುವುದಿಲ್ಲ. ಫ್ಯೂಜ್ ಹೋದರೆ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಸುತ್ತುವವರು. ಟೇಪ್ ರಿಕಾರ್ಡರಿನ ಪಟ್ಟಿ ಸಡಿಲಾದರೆ ಮಗಳ ಜಡೆಯ ರಬ್ಬರು ಬಿಚ್ಚಿ ಹಾಕುವವರು. ಕಿತ್ತೂರಿನ ಕಡೆಯ ಒಬ್ಬ ಸಾಲಿ ಮಾಸ್ತರ ಟಿವಿಯೊಳಗೆ ಜಿರಲೆ ಹೊಕ್ಕಿವೆಯೆಂದು ಡಿಡಿಟಿ ಪುಡಿ ಸುರಿದು ತಂದಿದ್ದ, ಎರಡು ಡಿಗ್ರಿ ಮಾಡಿದ ಮನುಷ್ಯ. ನಾನು ಎಲ್ಲರನ್ನೂ ಮುಖದ ಮೇಲೆಯೇ ಬೈಯುತ್ತಿದ್ದೆ. ಬೈಸಿಕೊಂಡು ಹೋದವರೇ ಮುಂದಿನ ಸಲ ಬರುತ್ತಿದ್ದರು, ಯಾಕೆಂದರೆ ನನ್ನ ಕೆಲಸ ಕೆಟ್ಟದ್ದು ಎಂದು ಹೇಳುವ ಗಂಡಸು ಆ ಊರಲ್ಲಿ ಇರಲಿಲ್ಲ. ಹೀಗಾಗಿ ನನಗೆ ಕೊಂಬು ಮೂಡಿದ್ದವು. ಅದನ್ನು ಈಗ ಹೇಳುತ್ತೇನೆ, ಆಗ ಯಾರಾದರೂ ಹೇಳಿದ್ದರೆ ಅಂಗಡಿಯಿಂದ ಕೆಳಗೆ ಇಳಿಸುತ್ತಿದ್ದೆ.

ಸವದತ್ತಿಯ ಆ ಪತ್ತಾರ, ಅಂದರೆ ಅಕ್ಕಸಾಲಿಗ, ಬಂದದ್ದು ತೊಂಬತ್ತರ ದಶಕದ ಕೊನೆಗೆ, ಒಂದು ಶನಿವಾರ ಮುಂಜಾನೆ. ಐವತ್ತು ದಾಟಿದ ಸಣಕಲು ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಮಾತು ಎಷ್ಟು ಮೆತ್ತಗೆ ಎಂದರೆ ಎದುರಿಗಿದ್ದವರು ಬಗ್ಗಿ ಕೇಳಬೇಕು. ಹಳೆಯ ಧೋತರದಲ್ಲಿ ಕೂಸನ್ನು ಸುತ್ತಿದ ಹಾಗೆ ಸುತ್ತಿದ ಒಂದು ಗಂಟನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಒಂದು ಪವರ್ ಸಪ್ಲೈ. ನಮ್ಮಂಥ ರಿಪೇರಿಯವರ ಮೇಜಿನ ಮೇಲೆ ಇರುತ್ತದಲ್ಲ, ಗೋಡೆಯ ಕರೆಂಟನ್ನು ಇಳಿಸಿ ಬ್ಯಾಟರಿಯ ಕರೆಂಟಿನ ಹಾಗೆ ಮಾಡಿಕೊಡುವ ಪೆಟ್ಟಿಗೆ. ಮುಂದೆ ಎರಡು ಮುಳ್ಳಿನ ಮೀಟರು, ಎರಡು ಗುಂಡಿ, ಕೆಳಗೆ ವಾಯರು ಸಿಗಿಸಲು ಒಂದು ಕೆಂಪು ತಿರುಪು, ಒಂದು ಕರಿಯ ತಿರುಪು.

"ಇದು ನಿಮಗ್ಯಾಕ್ರಿ?" ಎಂದೆ. ಪತ್ತಾರನ ಬಳಿ ಊದುಗೊಳವೆ ಇರಬೇಕು, ಇಕ್ಕಳ ಇರಬೇಕು, ಇದೇನು ದೊಡ್ಡಸ್ತಿಕೆ ಎಂಬ ಧಾಟಿಯಲ್ಲಿ.

"ಗಿಲೀಟ ಮಾಡಾಕ್ರಿ," ಎಂದ. ಬೆಳ್ಳಿಯ ಒಡವೆಗೆ ಬಂಗಾರದ ನೀರು ಕುಡಿಸುವ ಕೆಲಸ. ಬಂಗಾರ ಕರಗಿಸಿದ ವಿಷದ ನೀರಿನ ಬೋಗುಣಿಯಲ್ಲಿ ಒಂದು ವಾಯರಿಗೆ ಒಡವೆ ಕಟ್ಟಿ, ಇನ್ನೊಂದಕ್ಕೆ ಒಂದು ಉಕ್ಕಿನ ತಗಡು ಕಟ್ಟಿ ಇಳಿಬಿಟ್ಟು ಕರೆಂಟು ಹರಿಸಿದರೆ ನೀರಿನೊಳಗಿನ ಬಂಗಾರ ಬಂದು ಒಡವೆಯ ಮೇಲೆ ಕೂಡುತ್ತದೆ. "ಈಗ ಮುಳ್ಳ ಕುಣ್ಯಾಕ ಹತ್ತೇತ್ರಿ. ನಾಕಕ್ಕ ಇಟ್ಟರ ಒಂದಕ್ಕ ಇಳಿತೈತಿ, ಮತ್ತ ಆರಕ್ಕ ಜಿಗಿತೈತಿ. ಒಡವಿ ಮ್ಯಾಲ ಕಲಿ ಕಲಿ ಏಳತಾವ."

ಆಮೇಲೆ ತನ್ನ ಸಂಕಟ ಹೇಳಿಕೊಂಡ. ಮಂಗಳವಾರ ಕಟಕೋಳದಿಂದ ಒಬ್ಬ ಹೆಣ್ಣುಮಗಳು ಬರುವವಳಿದ್ದಳು. ಅವಳ ಮಗಳ ಲಗ್ನ. ತವರಿನಿಂದ ಬಂದ ಬೆಳ್ಳಿಯ ಜೋಡಿ ವಂಕಿ, ತೋಳಿಗೆ ಹಾಕುವಂಥವು, ಮೇಲಿನ ಬಂಗಾರ ಸವೆದಿತ್ತು. ಆ ವಂಕಿಗಳನ್ನು ಮಾಡಿದವನು ಇದೇ ಪತ್ತಾರನ ತಂದೆ.

"ಮನೋಳಿ, ಕಟಕೋಳ, ಸಿರಸಂಗಿ, ಎಲ್ಲಾ ಕಡಿಯಿಂದ ಹೆಣ್ಮಕ್ಕಳು ತೂಕಾ ಮಾಡದಽ ನನ್ನ ಕೈಯಾಗ ಒಡವಿ ಇಟ್ಟು ಹೋಗತಾರ್ರಿ. ಒಂದ ಹೆಸರ ಬಿಟ್ಟರ ನನ್ನ ಕಡೆ ಬ್ಯಾರೆ ಏನೂ ಇಲ್ಲ. ಲಗ್ನದ ಒಡವಿ ಕೆಟ್ಟಿತಂದ್ರ ಒಬ್ಬಾಕಿನೂ ನನ್ನ ಕಟ್ಟಿ ಏರೂದಿಲ್ಲ."

ಪತ್ತಾರರ ಪ್ರಾಮಾಣಿಕತೆಯ ಬಗ್ಗೆ ನಮ್ಮ ಕಡೆ ಎಂಥ ಮಾತುಗಳಿವೆ ಎಂದು ಎಲ್ಲರಿಗೂ ಗೊತ್ತು. ನಾನು ನಕ್ಕೆ. ಅಂಗಡಿಯಲ್ಲಿ ರೇಡಿಯೋ ಕಾಯುತ್ತ ಕುಳಿತಿದ್ದ ಇನ್ನಿಬ್ಬರು ಗಿರಾಕಿಗಳೂ ನಕ್ಕರು. ಅವನು ನಗಲಿಲ್ಲ, ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತ.

ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರು ಕಿಲುಬು. ಬೋಗುಣಿಯ ಪಕ್ಕದಲ್ಲಿಯೇ ವರ್ಷಗಟ್ಟಲೆ ಇಟ್ಟರೆ ಅದರ ಹಬೆ ತಾಮ್ರವನ್ನು ಸುಮ್ಮನೆ ಬಿಡುತ್ತದೆಯೇ. "ಇದನ್ನ ಅಡಗಿಮನಿಯಾಗ ಒಲಿ ಮ್ಯಾಲ ಇಟ್ಟಿದ್ರೇನು?" ಎಂದು ಕೇಳಿದೆ. ಇಬ್ಬರೂ ಗಿರಾಕಿಗಳು ಮತ್ತೆ ನಕ್ಕರು. ನನಗೆ ನಗುವ ಮಂದಿ ಎದುರಿಗಿದ್ದರೆ ಕೈ ಇನ್ನೂ ಚುರುಕಾಗುತ್ತಿತ್ತು.

ಮೊದಲು ಫ್ಯೂಜ್ ನೋಡಿದೆ, ಸರಿ ಇತ್ತು. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ವೋಲ್ಟೇಜ್ ಸರಿ ಇತ್ತು. ನಾಲ್ಕೂ ಡಯೋಡುಗಳನ್ನು ಒಂದೊಂದೇ ತಪಾಸಿಸಿದೆ, ಸರಿ ಇದ್ದವು. ದೊಡ್ಡ ಕಂಡೆನ್ಸರ್ ಮಾತ್ರ ನೆತ್ತಿಯ ಮೇಲೆ ಪೂರಿಯ ಹಾಗೆ ಉಬ್ಬಿತ್ತು. ತೆಗೆದು ಹೊಸದು ಹಾಕಿದೆ. ಮುಳ್ಳಿನ ಅರ್ಧ ಕುಣಿತ ನಿಂತಿತು, ಅರ್ಧ ಉಳಿಯಿತು. ಅಷ್ಟಕ್ಕೇ ಬಿಟ್ಟು ಕೊಡುವ ಮೆಕ್ಯಾನಿಕ್ಕುಗಳನ್ನು ನಾನು ಬಹಳ ಕಂಡಿದ್ದೇನೆ, ಅವರಿಗೆ ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿಯುವುದಕ್ಕಿಂತ ಎಮ್ಮೆಯ ಹಗ್ಗ ಹಿಡಿಯುವುದು ವಾಸಿ. ನಾನು ವೋಲ್ಟೇಜಿನ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ಹೋದೆ. ಒಂದು ಜಾಗಕ್ಕೆ ಬಂದ ಕೂಡಲೇ ಮುಳ್ಳು ನೆಗೆಯಿತು. ಗುಂಡಿಯ ಹಿಂದಿನ ಕರಿಯ ಪಟ್ಟಿಯನ್ನು ಹಬೆ ತಿಂದುಹಾಕಿತ್ತು. ಅದನ್ನೂ ಬದಲಿಸಿದೆ. ಆಮೇಲೆ ಜೀಪಿನ ಮುಂದೀಪದ ಬಲ್ಬೊಂದನ್ನು ಕೆಂಪು ಕರಿಯ ತಿರುಪುಗಳಿಗೆ ಸಿಗಿಸಿ ಒಂದು ತಾಸು ಉರಿಸಿದೆ. ಮುಳ್ಳು ಅಲುಗಲಿಲ್ಲ. ಪತ್ತಾರ ಆ ಮುಳ್ಳನ್ನು ನೋಡಿ, "ದೇವರಂಥಾವರ್ರಿ ನೀವು," ಎಂದ.

ಅಲ್ಲಿಗೆ ಮುಚ್ಚಳ ಹಾಕಿ ಕಳಿಸಿದ್ದರೆ ನನ್ನದೇನು ಹೋಗುತ್ತಿತ್ತು. ಆದರೆ ಕಡೆಗೆ ಒಮ್ಮೆ ಕೈಮೀಟರ್ ಹಚ್ಚಿ ನೋಡುವ ಚಟ ನನಗೆ. ಕೆಂಪಿಗೆ ಕೆಂಪು ಕಡ್ಡಿ, ಕರಿಯದಕ್ಕೆ ಕರಿಯ ಕಡ್ಡಿ ಇಟ್ಟೆ. ಮೀಟರಿನ ಮುಳ್ಳು ಹಿಂದಕ್ಕೆ ಬಡಿಯಿತು. ಕೆಂಪು ತಿರುಪಿನಲ್ಲಿ ಪ್ಲಸ್ ಇರಬೇಕು, ಕರಿಯದರಲ್ಲಿ ಮೈನಸ್, ಇದು ಲೋಕಕ್ಕೆಲ್ಲ ಗೊತ್ತಿರುವ ಮಾತು. ಇಲ್ಲಿ ಉಲ್ಟಾ. ಪೆಟ್ಟಿಗೆ ತಿರುಗಿಸಿ ನೋಡಿದರೆ ತಿರುಪುಗಳ ಹಿಂದೆ ಬರುವ ಎರಡು ವಾಯರುಗಳನ್ನು ಯಾರೋ ಅದಲು ಬದಲು ಮಾಡಿ ಬೆಸೆದಿದ್ದರು. ಬೆಸುಗೆ ಎಷ್ಟು ನಾಜೂಕಾಗಿತ್ತೆಂದರೆ ನನ್ನ ಬೆಸುಗೆ ಅದರ ಪಕ್ಕದಲ್ಲಿ ಕಾಗೆಯ ಹಿಕ್ಕೆಯ ಹಾಗೆ ಕಾಣುತ್ತಿತ್ತು. ಅಷ್ಟು ನಾಜೂಕಾಗಿ ಮಾಡಿದವನು ಗೊತ್ತಿದ್ದೇ ಮಾಡಿರಬೇಕು ಎಂದು ಬುದ್ಧಿಯಿದ್ದವನಿಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೈಗಳು.

"ಯಾವ ಶಾಣ್ಯಾ ಮಾಡ್ಯಾನ್ರಿ ಇದನ್ನ? ಪ್ಲಸ್ಸು ಮೈನಸ್ಸು ತಿಳೀದಾಂವ ಕರೆಂಟಿಗೆ ಯಾಕ ಕೈ ಹಚ್ಚಬೇಕು?"

ಪತ್ತಾರನ ಮುಖ ಕೆಂಪಾಯಿತು. ಕುಳಿತಿದ್ದ ಇಬ್ಬರನ್ನೂ ಒಮ್ಮೆ ನೋಡಿದ. "ಅದು ಹಂಗಽ ಇರಲಿ ಬಿಡ್ರಿ," ಎಂದ.

"ಹಂಗಽ ಯಾಕ ಇರಬೇಕು?"

"ಅದಕ್ಕೊಂದು ಕಾರಣ ಐತ್ರಿ. ಆಮ್ಯಾಲ ಹೇಳತೇನಿ. ನೀವು ಅದನ್ನಷ್ಟು ಮುಟ್ಟಬ್ಯಾಡ್ರಿ."

"ನೀವು ಬಂಗಾರದ್ದು ನೋಡಕೋರ್ರಿ, ಕರೆಂಟಿಂದು ನನಗ ಬಿಡ್ರಿ."

"ಒಂದ ಮಾತ ಕೇಳ್ರಿಲ್ಲೆ..."

"ಆತು ಮಾರಾಯ್ರ, ಹಂಗಽ ಬಿಡತೇನಿ," ಎಂದೆ. ಅವನ ಬಾಯಿ ಮುಚ್ಚಿಸಲಿಕ್ಕೆ ಅಂದ ಮಾತು. "ಬಸ್ಸಿಗೆ ಇನ್ನೂ ಹೊತ್ತೈತಿ, ಚಾ ಕುಡದ ಬರ್ರಿ."

ಅವನು ಚಹಾದಂಗಡಿಗೆ ಹೋದ. ನಾನು ಸೋಲ್ಡರಿಂಗ್ ಐರನ್ ಕಾಯಿಸಿ ಎರಡೂ ವಾಯರು ಬಿಚ್ಚಿ ಶಾಸ್ತ್ರದ ಪ್ರಕಾರ ಬೆಸೆದೆ. ಕೆಂಪಿಗೆ ಪ್ಲಸ್, ಕರಿಯದಕ್ಕೆ ಮೈನಸ್. ಉಲ್ಟಾ ವಾಯರಿನ ಪೆಟ್ಟಿಗೆ ನನ್ನ ಅಂಗಡಿಯಿಂದ ಹೊರಗೆ ಹೋಗಿ ನಾಳೆ ಬೇರೆ ಯಾವನೋ ಬಿಚ್ಚಿ ನೋಡಿದರೆ ಹೆಸರು ಯಾರದು ಕೆಡುತ್ತದೆ? ನನ್ನದು. ಪತ್ತಾರನ ಕಾರಣವೆಂದರೆ ಏನಿದ್ದೀತು, ಯಾವನೋ ಅರೆಬರೆ ಕಲಿತವನು ತಲೆ ತುಂಬಿರಬೇಕು ಎಂದುಕೊಂಡೆ. ಮುಚ್ಚಳ ಹಾಕಿ ತಿರುಪು ಬಿಗಿದೆ. ಅವನು ಬಂದು ಮತ್ತೆ ಧೋತರದಲ್ಲಿ ಸುತ್ತಿಕೊಂಡ. ಅಂಗಡಿಯಲ್ಲಿ ಮಂದಿ ಹೆಚ್ಚಾಗಿದ್ದರು, ಅವನ ಕಾರಣ ಅವನ ಹೊಟ್ಟೆಯಲ್ಲಿಯೇ ಉಳಿಯಿತು. ನನ್ನ ಮಾತು ನಂಬಿ ಬಸ್ಸು ಹತ್ತಿದ.

ಮಂಗಳವಾರ ನನಗೂ ಸವದತ್ತಿಯಲ್ಲಿ ಒಂದು ಮನೆಯ ಟಿವಿ ರಿಪೇರಿ ಇತ್ತು. ಮಧ್ಯಾಹ್ನಕ್ಕೆ ಮುಗಿಯಿತು. ಪತ್ತಾರನ ಅಂಗಡಿ ಹುಡುಕಿಕೊಂಡು ಹೋದೆ. ಯಾಕೆ ಹೋದೆ ಎಂದರೆ ಹೊಗಳಿಸಿಕೊಳ್ಳಲಿಕ್ಕೆ, ಮುಚ್ಚಿಡುವುದೇನಿದೆ. ದೇವರಂಥವರು ಎಂದಿದ್ದನಲ್ಲ, ಗಿರಾಕಿಗಳ ಎದುರಿಗೆ ಇನ್ನೊಮ್ಮೆ ಅನ್ನಲಿ ಎಂಬ ಆಸೆ.

ಕಟಕೋಳದ ಹೆಣ್ಣುಮಗಳು ಆಗಲೇ ಬಂದು ಗೋಡೆಗೆ ಆತು ಕುಳಿತಿದ್ದಳು. ಲಗ್ನದ ಒಡವೆಗೆ ಬಂಗಾರ ಏರುವಾಗ ಮದುಮಗಳ ತಾಯಿ ಎದುರಿಗೇ ಇರಬೇಕು ಎಂಬ ರಿವಾಜು ಅವರಲ್ಲಿ. ಪತ್ತಾರ ನನ್ನನ್ನು ಕಂಡು ಎದ್ದು ನಿಂತ. "ಬರ್ರಿ, ಕುಂದರ್ರಿ. ಇವರಽ ನೋಡವ್ವಾ ನಮ್ಮ ಮಿಶನ್ ಜೀವ ಉಳಿಸಿದಾವ್ರು," ಎಂದು ಅವಳಿಗೆ ಹೇಳಿದ. ನಾನು ಕುಳಿತೆ, ಚಹಾ ಬಂತು.

ಅವನು ಒಂದು ವಂಕಿಯನ್ನು ತೊಳೆದು ಉಜ್ಜಿ ಮತ್ತೆ ತೊಳೆದು, ಕೆಂಪು ತಿರುಪಿನಿಂದ ಬಂದ ಕೆಂಪು ವಾಯರಿಗೆ ಕಟ್ಟಿ ಬೋಗುಣಿಗೆ ಇಳಿಸಿದ. ಎಳೆ ಎಳೆಯಾದ ತಂತಿ ಕೆಲಸದ ವಂಕಿ ಅದು, ಅಂಥ ಕೆಲಸ ಈಗ ಕಾಣಲಿಕ್ಕೆ ಸಿಗುವುದಿಲ್ಲ. ಕರಿಯ ವಾಯರಿಗೆ ತಗಡು ಕಟ್ಟಿದ. ಸ್ವಿಚ್ ಒತ್ತಿದ. ಮುಳ್ಳು ನಾಲ್ಕಕ್ಕೆ ಹೋಗಿ ನಿಂತಿತು, ನಿಂತೇ ಇತ್ತು.

"ನೋಡ್ರಿ, ಮುಳ್ಳ ಅಳ್ಳಾಡತೈತೇನು?" ಎಂದೆ.

ಸ್ವಲ್ಪ ಹೊತ್ತಿಗೆ ಅವನು ಬಗ್ಗಿ ನೋಡಿದ. ವಂಕಿ ಮಂಕಾಗಿತ್ತು. "ಯಾಕೋ ಬಣ್ಣ ಹತ್ತವಲ್ದು," ಎಂದು ಗೊಣಗಿದ.

"ಏರಸ್ರಿ ಇನ್ನೊಂದೀಟು. ಅಂಜಬ್ಯಾಡ್ರಿ, ಈಗ ಅದು ಎಷ್ಟಾದ್ರೂ ತಡೀತೈತಿ." ಇದನ್ನು ಹೇಳಿದವನು ನಾನೇ. ಅವನು ಗುಂಡಿ ತಿರುಗಿಸಲು ಅನುಮಾನಿಸಿದಾಗ ಕೈಚಾಚಿ ಎಂಟಕ್ಕೆ ತಿರುಗಿಸಿದವನೂ ನಾನೇ. ಮುಳ್ಳು ಒಂದಿಷ್ಟೂ ನಡುಗದೆ ಎಂಟಕ್ಕೆ ಹೋಗಿ ನಿಂತಿತು. ನನಗೆ ಅದನ್ನು ನೋಡುವುದೇ ಹಬ್ಬ. ಮುಳ್ಳು ನೋಡುತ್ತ ಕುಳಿತೆ, ಬೋಗುಣಿ ನೋಡಲಿಲ್ಲ.

ಪತ್ತಾರ ತಟ್ಟನೆ ಸ್ವಿಚ್ ಆರಿಸಿ ವಂಕಿ ಎತ್ತಿದ. ಅಳಿದುಳಿದ ಹಳೆಯ ಬಂಗಾರವೂ ಹೋಗಿ ವಂಕಿ ಕರ್ರಗಾಗಿತ್ತು. ತಂತಿಯ ಎಳೆಗಳು ಗೆದ್ದಲು ತಿಂದ ಹಾಗೆ ಸವೆದಿದ್ದವು. ಎತ್ತುತ್ತಿದ್ದಂತೆಯೇ ಒಂದು ತುದಿಯ ಹೂವು ಕಳಚಿ ಬೋಗುಣಿಗೆ ಬಿತ್ತು. ಆಮೇಲೆ ಅವನು ತಗಡನ್ನು ಎತ್ತಿದ. ಉಕ್ಕಿನ ತಗಡಿನ ಮೇಲೆ ಬಂಗಾರ ಕುಳಿತಿತ್ತು.

ಬಂಗಾರ ಹೋಗಿ ಕೂಡುವುದು ಮೈನಸ್ಸಿನ ಮೇಲೆ. ಪ್ಲಸ್ಸಿಗೆ ಕಟ್ಟಿದ್ದು ಕರಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಒಡವೆಯನ್ನು ಯಾವ ವಾಯರಿಗೆ ಕಟ್ಟುತ್ತೀರಿ ಎಂದು ಶನಿವಾರ ಒಂದು ಮಾತು ಕೇಳಿರಲಿಲ್ಲ, ಅಷ್ಟೇ. ಅವನ ಕೆಂಪು ತಿರುಪು ಇಷ್ಟು ವರ್ಷ ಮೈನಸ್ ಆಗಿತ್ತು. ಅದನ್ನು ಪ್ಲಸ್ ಮಾಡಿ ಕಳಿಸಿದವನು ಚಹಾದ ಬಸಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಿದ್ದ.

ಹೆಣ್ಣುಮಗಳು ಎದ್ದು ಬಂದಳು. ಕರಿಯ ವಂಕಿ ನೋಡಿದಳು, ಹಳದಿ ತಗಡು ನೋಡಿದಳು. ಅವಳಿಗೆ ಪ್ಲಸ್ಸು ಮೈನಸ್ಸು ಯಾಕೆ ಬೇಕು, ಕಣ್ಣಿಗೆ ಕಂಡದ್ದು ಸಾಕಾಗಿತ್ತು.

"ನಮ್ಮ ಬಂಗಾರ ನಿಮ್ಮ ತಗಡಿಗೆ ಎಳಕೊಂಡ್ರೇನ್ರಿ?" ಎಂದಳು. ದನಿ ಏರಿಸಲಿಲ್ಲ.

"ಇಲ್ಲವ್ವಾ. ನನ್ನ ಕೈ ತಪ್ಪೇತಿ."

"ಮೂವತ್ತ ವರ್ಷ ತಪ್ಪದ ಕೈ ನನ್ನ ಮಗಳ ಲಗ್ನಕ್ಕ ತಪ್ಪಿತೇನು? ನಮ್ಮವ್ವ ಇಲ್ಲಿ ಒಡವಿ ಇಟ್ಟು ಸಂತಿಗೆ ಹೋಗಾಕಿ. ನಾನೂ ಹಂಗಽ ಮಾಡಿದೆ. ಎಷ್ಟ ಮಂದೀದು ಹಿಂಗ ಎಳಕೊಂಡೀರಿ?"

ಪತ್ತಾರ ನನ್ನ ಕಡೆ ನೋಡಿದ. ಬೇಡುವ ನೋಟವಲ್ಲ, ಬೈಯುವ ನೋಟವೂ ಅಲ್ಲ. ಆ ಊರಿನಲ್ಲಿ ಆ ಹೊತ್ತಿಗೆ ನಿಜ ಗೊತ್ತಿದ್ದ ಇನ್ನೊಬ್ಬ ಮನುಷ್ಯನ ಕಡೆ ಸುಮ್ಮನೆ ನೋಡಿದ. ಇವರದು ತಪ್ಪಲ್ಲ ತಾಯಿ, ವಾಯರು ಉಲ್ಟಾ ಮಾಡಿದವನು ನಾನು, ಎನ್ನಬೇಕಿತ್ತು. ಇಷ್ಟು ವರ್ಷ ಊರವರಿಗೆಲ್ಲ ಮುಖದ ಮೇಲೆ ಹೊಡೆದ ಹಾಗೆ ಮಾತನಾಡಿದ ನಾನು ಮೀಟರಿನ ಮುಳ್ಳು ನೋಡಿದೆ. ಅದು ಸೊನ್ನೆಯ ಮೇಲೆ ಸ್ಥಿರವಾಗಿತ್ತು.

ಅವಳು ಕೆಟ್ಟ ವಂಕಿಯನ್ನೂ ಮುಟ್ಟದ ವಂಕಿಯನ್ನೂ ಬೇರೆ ಬೇರೆಯಾಗಿ ಸೆರಗಿನಲ್ಲಿ ಕಟ್ಟಿಕೊಂಡಳು. ಬೋಗುಣಿಗೆ ಬಿದ್ದ ಹೂವನ್ನು ಅವನು ಇಕ್ಕಳದಿಂದ ತೆಗೆದು ತೊಳೆದು ಕೊಟ್ಟರೆ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಹೋದಳು.

ಆಮೇಲೆ ಅವನು ಹೇಳಿದ. ಮೊದಮೊದಲು ಕರಿಯ ವಾಯರಿಗೇ ಒಡವೆ ಕಟ್ಟುತ್ತಿದ್ದನಂತೆ. ಎದುರಿಗೆ ಕುಳಿತ ಹೆಣ್ಣುಮಕ್ಕಳು ಒಪ್ಪಲಿಲ್ಲ. ಲಗ್ನದ ಒಡವೆಗೆ ಕರಿಯದನ್ನು ಯಾಕೆ ಕಟ್ಟುತ್ತೀರಿ, ಕೆಂಪು ಇದೆಯಲ್ಲ ಎಂದರು. ಕೆಂಪು ವಾಯರು ತಂದು ಕರಿಯ ತಿರುಪಿಗೆ ಸಿಗಿಸಿದರೆ ಅವರ ಕಣ್ಣು ತಿರುಪಿನ ತನಕ ಹೋಗುತ್ತಿತ್ತು. ಕಡೆಗೆ ಒಂದು ದಿನ ಬಾಗಿಲು ಹಾಕಿಕೊಂಡು ಒಳಗಿನ ವಾಯರುಗಳನ್ನೇ ಅದಲು ಬದಲು ಮಾಡಿದ. ಅವರಿಗೂ ಸಮಾಧಾನ, ಕೆಲಸವೂ ಸರಿ.

"ಕೊರಳ ತುಂಬ ಕರಿಮಣಿ ಕಟಗೊಂಡಾವ್ರು ಕರೇ ವಾಯರಿಗೆ ಅಂಜತಾರ?" ಎಂದೆ. ಅಂಥ ಹೊತ್ತಿನಲ್ಲಿಯೂ ನನಗೆ ಹಂಗಿಸುವುದೇ ಬಂತು, ಥೂ.

"ಶನಿವಾರ ಮಂದಿ ಮುಂದ ಹೇಳಲಿಲ್ರಿ. ಹೆಣ್ಮಕ್ಕಳ ಮಾತ ಅಂತ ನಗತಿದ್ರಿ," ಎಂದ. ಆಮೇಲೆ ಬೋಗುಣಿಗೆ ಮುಚ್ಚಳ ಮುಚ್ಚುತ್ತ, "ಹಂಗಽ ಬಿಡತೇನಿ ಅಂದಿದ್ರಲ್ಲ," ಎಂದ.

ಬೈಲಹೊಂಗಲದ ಬಸ್ಸಿನಲ್ಲಿ ಕುಳಿತು ನನ್ನ ಪರವಾಗಿ ನಾನೇ ವಕೀಲಿಕೆ ಮಾಡಿದೆ. ನಿಜ ಹೇಳಿದ್ದರೆ ಅವನಿಗೇ ತೊಂದರೆಯಾಗುತ್ತಿತ್ತು, ಇಷ್ಟು ವರ್ಷ ತಮ್ಮ ಕಣ್ಣಿಗೆ ಮಣ್ಣೆರಚಿದ ಎಂದು ಹೆಂಗಸರು ತಿರುಗಿ ಬೀಳುತ್ತಿದ್ದರು, ಅದಕ್ಕೇ ಅವನೂ ಸುಮ್ಮನಾದ, ನಾನು ಸುಮ್ಮನಿದ್ದು ಉಪಕಾರವನ್ನೇ ಮಾಡಿದೆ. ಇಂಥ ವಕೀಲಿಕೆಯನ್ನು ಬೇರೆ ಯಾರಾದರೂ ನನ್ನ ಮೇಜಿನ ಮುಂದೆ ಮಾಡಿದ್ದರೆ ನಡುರಸ್ತೆಗೆ ಅಟ್ಟುತ್ತಿದ್ದೆ. ಕಟಕೋಳಕ್ಕೆ ಹೋಗಿ ಆ ಹೆಣ್ಣುಮಗಳಿಗೆ ಹೇಳಿ ಬರಬೇಕೆಂದು ಲಗ್ನದ ದಿನದ ತನಕ ಅಂದುಕೊಂಡೆ. ಲಗ್ನ ಮುಗಿದ ಮೇಲೆ ಇನ್ನೇನು ಹೇಳುವುದು ಎಂದುಕೊಂಡೆ. ಅವನು ಆ ವಾಯರುಗಳನ್ನು ತಾನೇ ಮತ್ತೆ ಮೊದಲಿನಂತೆ ಬೆಸೆದುಕೊಂಡಿರಬೇಕು, ನನ್ನ ಅಂಗಡಿಗೆ ಮತ್ತೆ ಬರಲಿಲ್ಲ.

ಏಳೆಂಟು ವರ್ಷಗಳ ನಂತರ ಹೆಂಡತಿಯ ಜೊತೆ ಸವದತ್ತಿಗೆ ಹೋಗಿದ್ದೆ. ನನ್ನ ಮಗಳ ಲಗ್ನ ಗೊತ್ತಾಗಿತ್ತು. ಹೆಂಡತಿಯ ಚೀಲದಲ್ಲಿ ಅವಳ ತವರಿನ ಬೆಳ್ಳಿಯ ಒಡವೆಗಳಿದ್ದವು, ಬಂಗಾರದ ನೀರು ಕುಡಿಸಬೇಕಿತ್ತು. ಪೇಟೆಯಲ್ಲಿ ಆ ಪತ್ತಾರನ ಅಂಗಡಿಯ ಮುಂದೆಯೇ ಹಾಯಬೇಕು. ಅವನು ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಎದುರಿನ ಹೊಸ ಅಂಗಡಿಯಲ್ಲಿ ಹೆಣ್ಣುಮಕ್ಕಳು ಕಿಕ್ಕಿರಿದಿದ್ದರು. ನನ್ನ ಗುರುತು ಹಿಡಿದು, "ಆರಾಮದೀರಿ?" ಎಂದು ಕೈಮುಗಿದ. ನಾನೂ ಕೈಮುಗಿದೆ.

"ಇಲ್ಲೇ ಕೊಡೋಣೇನು?" ಎಂದು ಹೆಂಡತಿಯನ್ನು ಕೇಳಿದೆ. ಅಷ್ಟಾದರೂ ಕೇಳಿದೆ.

ಅವಳು ಚೀಲವನ್ನು ಎದೆಗೆ ಒತ್ತಿ ಹಿಡಿದಳು. ಅವನಿಗೆ ಕೇಳಿಸುವಷ್ಟು ದನಿಯಲ್ಲಿಯೇ ಹೇಳಿದಳು. "ಇಂವಗ? ಒಡವಿ ಮ್ಯಾಲಿನ ಬಂಗಾರಾ ತನ್ನ ತಗಡಿಗೆ ಎಳಕೋತಾನಂತ್ರೀ. ಕಟಕೋಳದಾಕಿ ಒಬ್ಬಾಕಿ ಕಣ್ಣಾರೆ ನೋಡ್ಯಾಳಂತ. ನಿಮಗ ಗೊತ್ತಿಲ್ಲೇನು?"

ಪತ್ತಾರ ನನ್ನ ಕಡೆಯೇ ನೋಡುತ್ತಿದ್ದ.

"ಹೌದು, ನಾನೂ ಕೇಳೇನಿ. ನಡಿ," ಎಂದೆ.